ಸೋದರಳಿಯಂದಿರ ನಂತರದ ಸಾಲು

ನಮ್ಮ ದ್ವೀಪದ ಗುಯಾವ್ ಊರಿನಲ್ಲಿ ಬದುಕಿರುವ ಮನುಷ್ಯನ ಬಗ್ಗೆ ಯಾರೂ ಪೂರ್ತಿ ವಾಕ್ಯ ಆಡುವುದಿಲ್ಲ. ಅರ್ಧ ಆಡಿ ಇನ್ನರ್ಧವನ್ನು ಹುಬ್ಬಿನಲ್ಲೇ ಮುಗಿಸುತ್ತಾರೆ. ಸತ್ತ ಮೇಲೆ ಮಾತ್ರ ಅವನಿಗೆ ಹಿಂದು ಮುಂದು ಎಲ್ಲ ಸರಿಯಾಗಿರುವ, ಇಸ್ತ್ರಿ ಮಾಡಿದ ಇಂಗ್ಲಿಷು ಸಿಗುತ್ತದೆ. ಅದನ್ನು ಬರೆದುಕೊಡುತ್ತಿದ್ದವರು ಮಿಸ್ ಕ್ಲೆಮಿ. ರೇಡಿಯೋದಲ್ಲಿ ಓದುತ್ತಿದ್ದವನು ನಾನು.

ಪೂರ್ತಿ ಹೆಸರು ಕ್ಲೆಮೆನ್ಸಿಯಾ ಮೊಡೆಸ್ಟ್. ಮೂವತ್ಮೂರು ವರ್ಷ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿದವರು. ಹಲಗೆಯ ಮೇಲೆ 'ನನ್ನ ಬಳಿ ಒಂದು ಪೆನ್ನು ಇದೆ' ಎಂದು ಬರೆದು, ಒಂದೊಂದೇ ಪದ ಬದಲಿಸಿ ನಮ್ಮಿಂದ ಇಪ್ಪತ್ತು ಸಲ ಹೇಳಿಸುತ್ತಿದ್ದರು. ನಮ್ಮಲ್ಲಿ ಯಾರ ಬಳಿಯೂ ಪೆನ್ನು ಇರಲಿಲ್ಲ ಎನ್ನುವುದು ಬೇರೆ ಮಾತು. ಶಾಲೆಯ ಗೇಟು ದಾಟಿದೊಡನೆ ನಾವು ಆ ವಾಕ್ಯಗಳನ್ನೆಲ್ಲ ಅಲ್ಲೇ ಬಿಟ್ಟು, ನಮ್ಮ ಅಜ್ಜಿಯರು ಆಡಿದ ಹಾಗೆ ಆಡಿಕೊಂಡು ಮನೆಗೆ ಹೋಗುತ್ತಿದ್ದೆವು. ಅವರ ಪಾಠ ಊರಿನಲ್ಲಿ ಉಪಯೋಗಕ್ಕೆ ಬಂದದ್ದು ಮರಣವಾರ್ತೆಯಲ್ಲಿ ಮಾತ್ರ.

ಮರಣವಾರ್ತೆ ರೇಡಿಯೋದಲ್ಲಿ ಮಧ್ಯಾಹ್ನ ಹನ್ನೆರಡೂವರೆಗೆ ಒಮ್ಮೆ, ಸಂಜೆ ಆರಕ್ಕೆ ಒಮ್ಮೆ. ಆ ಹೊತ್ತಿಗೆ ಜಾಯಿಕಾಯಿ ಆರಿಸುವ ಹೆಂಗಸರೂ ಕೈ ನಿಲ್ಲಿಸುತ್ತಾರೆ. ಇಂಥವರು ತೀರಿಕೊಂಡರೆಂದು ತಿಳಿಸಲು ವಿಷಾದಿಸುತ್ತೇವೆ, ಅವರು ಇಂಥ ಅಡ್ಡಹೆಸರಿನಿಂದ ಚಿರಪರಿಚಿತರು, ಇಂಥಿಂಥವರನ್ನು ಅಗಲಿದ್ದಾರೆ. ಈ ಕಡೆಯ ಭಾಗದಲ್ಲೇ ಊರಿನ ಪ್ರಾಣ ಇರುವುದು. ಮೊದಲು ಹೆಂಡತಿ, ಆಮೇಲೆ ಮಕ್ಕಳು (ಅವನಿಗೆ ಹುಟ್ಟಿದ ಎಲ್ಲಾ ಮನೆಗಳ ಮಕ್ಕಳೂ, ವಯಸ್ಸಿನ ಪ್ರಕಾರ, ಮಿಸ್ ಆ ವಿಷಯದಲ್ಲಿ ಉದಾರಿ), ಅಣ್ಣತಮ್ಮಂದಿರು, ಅಕ್ಕತಂಗಿಯರು, ಸೋದರಳಿಯಂದಿರು. ಅದರ ಕೆಳಗೆ 'ಆತ್ಮೀಯ ಸ್ನೇಹಿತೆ'. ಕೊನೆಗೆ, ಹೆಸರಿಸಲಾಗದಷ್ಟು ಅಪಾರ ಬಂಧುಮಿತ್ರರು.

ಆತ್ಮೀಯ ಸ್ನೇಹಿತೆ ಎಂದರೆ ಯಾರು ಎಂದು ನಮ್ಮ ದ್ವೀಪದಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು. ಮದುವೆಯ ಕಾಗದವಿಲ್ಲದೆ ಗಂಡಸಿಗೆ ಬೇಯಿಸಿ, ಒಗೆದು, ಕೊನೆಗಾಲಕ್ಕೆ ಅವನ ಮೈ ಒರೆಸಿದವಳು. ಮೊದಲು ಅಂಥವರಿಗೆ ವಾರ್ತೆಯಲ್ಲಿ ಜಾಗವೇ ಇರಲಿಲ್ಲ, ತಾವೇ ಕೊಡಿಸಿದ್ದು ಎಂದು ಮಿಸ್ ಕ್ಲೆಮಿಗೆ ಹೆಮ್ಮೆ. ಆದರೆ ಆ ಜಾಗವನ್ನು ಒಂದು ಸಾಲು ಮೇಲಕ್ಕೆ ಸರಿಸಿ ಎಂದರೆ ಮುಗಿಯಿತು. ಒಮ್ಮೆ ನಾನು ವಾರ್ತೆಯ ಕಾಗದ ತರಲು ಹೋದಾಗ ಇಯೋನಿ ಎಂಬಾಕೆ ಅವರ ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದಳು.

"ಹತ್ತೊಂಬತ್ತು ವರ್ಷ ಅವನ ಬಟ್ಟೆ ಒಗ್ದಿದೀನಿ, ಮಿಸ್. ಬ್ರೂಕ್ಲಿನ್ನಲ್ಲಿರೋ ಆ ಸೋದರಳಿಯ ಇವನ ಮುಖಾನೇ ನೋಡಿಲ್ಲ. ಅವನಿಗಿಂತ ಮೇಲೆ ಹಾಕಿ."

"ಚರ್ಚಿನ ಕಾಗದ ಇದೆಯೇನಮ್ಮ?"

"ಇಲ್ಲ."

"ಹಾಗಾದ್ರೆ ಅಳಿಯ ಮೊದಲು. ಕೂಗಾಡಿದ್ರೆ ವಾಕ್ಯ ಬದಲಾಗಲ್ಲ."

ನನಗೆ ಆವತ್ತು ಸಿಟ್ಟು ಬಂದಿತ್ತು. ಬಂದರೇನು, ಕೊಟ್ಟದ್ದನ್ನು ಓದುವವನು ನಾನು, ಅಂಚೆಯವನಿಗೆ ಕಾಗದ ತಿದ್ದುವ ಹಕ್ಕಿಲ್ಲ.

ಈಗ ಹುಬ್ಬಿನಲ್ಲಿ ಮುಗಿಸುವ ಭಾಗಕ್ಕೆ ಬರುತ್ತೇನೆ. ಮೀನಿನ ದೋಣಿಯ ಯಜಮಾನ ಕಾಸ್ಮಸ್ ಬಾರ್ತೊಲೊಮ್ಯು ಇಪ್ಪತ್ತಾರು ವರ್ಷದಿಂದ ರಾತ್ರಿಯೂಟ ಮಾಡುತ್ತಿದ್ದದ್ದು ಮಿಸ್ ಕ್ಲೆಮಿಯ ಮನೆಯಲ್ಲಿ. ಅವನ ಹೆಂಡತಿ ಫಿಲೊಮಿನಾ ಟೊರಾಂಟೋಗೆ ಕೆಲಸಕ್ಕೆಂದು ಹೋದವಳು ಅಲ್ಲೇ ನಿಂತುಬಿಟ್ಟಿದ್ದಳು. ಕಾಸ್ಮಸನ ಚಪ್ಪಲಿ ಮಿಸ್ ಮನೆಯ ಬಾಗಿಲಲ್ಲಿ ಬೆಳಿಗ್ಗೆಯೂ ಇರುತ್ತಿತ್ತು. ಇದರ ಬಗ್ಗೆ ಊರು ಇಪ್ಪತ್ತಾರು ವರ್ಷದಲ್ಲಿ ಒಂದು ವಾಕ್ಯವನ್ನೂ ಪೂರ್ತಿ ಮಾಡಲಿಲ್ಲ. ಮಾಡಿದ್ದರೆ ಮಿಸ್ ಅದನ್ನು ತಿದ್ದುತ್ತಿದ್ದರೋ ಏನೋ.

ಕಳೆದ ಲೆಂಟ್ ಉಪವಾಸದ ದಿನಗಳಲ್ಲಿ ಕಾಸ್ಮಸ್ ದೋಣಿಯ ಬಳಿಯೇ ಕುಸಿದು ತೀರಿಕೊಂಡ. ಅವನ ಅಕ್ಕ ಅಗಾಥಾ ಹೆಸರುಗಳ ಪಟ್ಟಿ ಹಿಡಿದು ಹೋದದ್ದು ಮತ್ತೆಲ್ಲಿಗೆ, ಮಿಸ್ ಕ್ಲೆಮಿಯ ಮನೆಗೆ. ಊರಿನಲ್ಲಿ ಸಾವು ಬರೆಯುವವರು ಇನ್ಯಾರೂ ಇರಲಿಲ್ಲ. ನಾನು ಹೋಗುವ ಹೊತ್ತಿಗೆ ಅಗಾಥಾ ಪಟ್ಟಿ ಕೊಟ್ಟು ಹೊರಟಿದ್ದಳು. ಮಿಸ್ ಕ್ಲೆಮಿ ಕೂದಲು ಬಾಚಿ, ಕನ್ನಡಕ ಒರೆಸಿ, ಎಂದಿನಂತೆ ಮೇಜಿನ ಮುಂದೆ ಕೂತಿದ್ದರು. ಕಣ್ಣು ಮಾತ್ರ ಊದಿತ್ತು.

ಆಗ ಟೊರಾಂಟೋದಿಂದ ಫಿಲೊಮಿನಾಳ ಫೋನು ಬಂತು. ಮಿಸ್ ಕ್ಲೆಮಿ ಫೋನನ್ನು ಮೇಜಿನ ಮೇಲಿಟ್ಟು ದನಿ ಹೊರಗೆ ಕೇಳುವಂತೆ ಮಾಡಿದರು. ನಾನು ಏಳಲು ಹೋದೆ, ಕೂತಿರು ಎಂದು ಸನ್ನೆ ಮಾಡಿದರು.

"ಕ್ಲೆಮಿ, ಸಾವಿನ ಪೇಪರ್ ನೀನೇ ಬರೀತಿದೀಯಂತೆ," ಎಂದಳು ಫಿಲೊಮಿನಾ. "ನಾನು ಶನಿವಾರ ಬಂದು ಚರ್ಚಲ್ಲಿ ಮುಂದಿನ ಬೆಂಚಲ್ಲಿ ಕೂತ್ಕೋತೀನಿ, ಕೂರದಿದ್ರೆ ಜನ ಬಿಡಲ್ಲ. ಆದ್ರೆ ಹೆಸರು ನಿಂದೇ ಮೊದಲು ಹಾಕು ಮಾರಾಯ್ತಿ. ಅವನಿಗೆ ಸಕ್ಕರೆ ಕಾಯಿಲೆ ಇದ್ದಿದ್ದೂ ನಂಗೆ ಗೊತ್ತಿರ್ಲಿಲ್ಲ."

ಮದುವೆಯ ಕಾಗದವಿರುವವಳೇ ಜಾಗ ಬಿಟ್ಟುಕೊಡುತ್ತಿದ್ದಳು. ಊರಿನಲ್ಲಿ ಹಾಗೆ ಆದದ್ದನ್ನು ನಾನು ಕಂಡಿರಲಿಲ್ಲ. ಒಪ್ಪಿಕೊಳ್ಳಲಿ ದೇವರೇ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

"ವಾಕ್ಯ ಹಾಗಿರಲ್ಲ, ಫಿಲೊಮಿನಾ," ಎಂದರು ಮಿಸ್ ಕ್ಲೆಮಿ. ದಾರಿಯ ಖರ್ಚಿಗೆ ಏನಾದರೂ ಬೇಕೇ ಎಂದು ವಿಚಾರಿಸಿ, ಮೆಲ್ಲಗೆ ಫೋನು ಇಟ್ಟರು.

ಆಮೇಲೆ ಬರೆಯಲು ಕೂತರು. 'ಜ್ಯಾಕ್ಸ್' ಎಂಬ ಮೀನಿನ ಅಡ್ಡಹೆಸರಿನಿಂದ ಚಿರಪರಿಚಿತರಾದ ಕಾಸ್ಮಸ್ ಬಾರ್ತೊಲೊಮ್ಯು. ಹೆಂಡತಿ ಫಿಲೊಮಿನಾ. ಮಕ್ಕಳು ಮೂವರು. ಅಕ್ಕ ಅಗಾಥಾ. ಸೋದರಳಿಯಂದಿರು ಆರು ಮಂದಿ, ಅವರಲ್ಲಿ ಇಬ್ಬರ ಹೆಸರಿನ ಕಾಗುಣಿತ ಮಿಸ್ ಕ್ಲೆಮಿಗೇ ಗೊತ್ತಿರಲಿಲ್ಲ. ಅಲ್ಲಿಗೆ ಬಂದು ಪೆನ್ನು ನಿಂತಿತು. ಹೊರಗೆ ಯಾರೋ ಮೀನು ಬಂತೆಂದು ಶಂಖ ಊದಿದರು, ಊದಿ ಸುಮ್ಮನಾದರು, ಪೆನ್ನು ಮಾತ್ರ ಏಳಲಿಲ್ಲ. ಕೊನೆಗೆ ಒಂದು ಸಾಲು ಬಿಟ್ಟು 'ಅಪಾರ ಬಂಧುಮಿತ್ರರು' ಎಂದು ಬರೆದು ನನ್ನ ಕೈಗೆ ಕೊಟ್ಟರು.

"ಮಿಸ್, ಒಂದು ಸಾಲು ಖಾಲಿ ಇದೆ."

"ಕಣ್ಣು ಚೆನ್ನಾಗಿದೆ ನಿಂಗೆ."

"ನೀವೇ ಮಾಡಿದ ಜಾಗ ಅಲ್ವಾ? ನಿಮ್ಮ ಹೆಸರು ಹಾಕಿ."

ಅವರು ಕನ್ನಡಕ ತೆಗೆದರು. "ಎಷ್ಟೋ ಜನ ಹೆಂಗಸರನ್ನ ಅಲ್ಲಿ ಕೂರಿಸಿದೀನಿ, ಲೆನ್ನಿ. ಮರ್ಯಾದೆ ಕೊಟ್ಟೆ ಅಂತಾನೇ ಅಂದ್ಕೊಂಡಿದ್ದೆ. ಇವತ್ತು ನಾನೇ ಹೋಗಿ ಕೂರೋಣ ಅಂತ ನೋಡಿದೆ. ಆಗ್ಲಿಲ್ಲ ಕಣೋ."

ಹೆಂಡತಿಯೇ ಮೊದಲ ಜಾಗ ಕೊಟ್ಟಳಲ್ಲ, ತೆಗೆದುಕೊಳ್ಳಬಾರದೇ ಎಂದು ಕೇಳಿದೆ. ತೆಗೆದುಕೊಂಡರೆ ಆ ಮೆಟ್ಟಿಲ ಮೇಲೆ ಅತ್ತು ಹೋದವರಿಗೆಲ್ಲ ಯಾವ ಮುಖ ತೋರಿಸಲಿ ಎಂದರು. ನಾನು ಕಾಗದ ಮಡಿಸಿ ಜೇಬಿಗಿಟ್ಟುಕೊಂಡು ಹೊರಟೆ.

ಹನ್ನೆರಡೂವರೆಗೆ ಓದಿದೆ, ಆರಕ್ಕೂ ಓದಿದೆ. ಮೈಕಿನ ಮುಂದೆ ಅವರ ಹೆಸರು ನನ್ನ ನಾಲಿಗೆಯ ತುದಿಗೇ ಬಂದಿತ್ತು, ನುಂಗಿಕೊಂಡೆ. ಆ ಹೆಸರು ಬರಲಿಲ್ಲ ಎಂಬುದು ಮಾತ್ರ ಊರಿಗೆಲ್ಲ ಕೇಳಿಸಿತು.

ಶನಿವಾರ ಮಣ್ಣಾದ ಮೇಲೆ ಜನ ಫಿಲೊಮಿನಾಳ ಮುಂದೆ ಸಾಲಾಗಿ ನಿಂತರು. ನಿಮ್ಮ ದುಃಖದಲ್ಲಿ ನಾನೂ ಭಾಗಿ, ದಯವಿಟ್ಟು ನನ್ನ ಸಂತಾಪ ಸ್ವೀಕರಿಸಿ. ಒಬ್ಬರ ಇಂಗ್ಲಿಷ್ ವಾಕ್ಯವೂ ತಪ್ಪಲಿಲ್ಲ, ಎಲ್ಲರೂ ಮಿಸ್ ಕ್ಲೆಮಿಯ ಕ್ಲಾಸಿನಲ್ಲಿ ಕಲಿತವರೇ. ಮಿಸ್ ಕ್ಲೆಮಿ ಸ್ಮಶಾನದ ಗೇಟಿನ ಹತ್ತಿರ, ವಿಧವೆಯ ಕಪ್ಪು ಉಡದೆ, ಕಂದು ಬಣ್ಣದ ಉಡುಪಿನಲ್ಲಿ ಒಬ್ಬರೇ ನಿಂತಿದ್ದರು. ಅವರ ಮುಂದೆ ಹಾದವರೆಲ್ಲ ಒಂದು ಗಳಿಗೆ ನಿಂತು, ಬಾಯಿ ತೆರೆದು, ಮುಚ್ಚಿಕೊಂಡು ಹೋದರು. ಗಂಡನಲ್ಲದ ಗಂಡ ಸತ್ತವಳಿಗೆ ಏನು ಹೇಳಬೇಕು ಎಂಬ ವಾಕ್ಯವನ್ನು ಅವರು ನಮಗೆ ಕಲಿಸಿರಲಿಲ್ಲ.

ನನ್ನ ಸರದಿ ಬಂದಾಗ ನನಗೂ ಅದೇ ಗತಿ. ಅವರ ಕೈ ಹಿಡಿದೆ, ತಣ್ಣಗಿತ್ತು.

"ಗುಡ್ ಆಫ್ಟರ್‌ನೂನ್, ಮಿಸ್," ಎಂದೆ, ಕ್ಲಾಸಿನಲ್ಲಿ ಹೇಳುತ್ತಿದ್ದ ಹಾಗೆ.

"ಗುಡ್ ಆಫ್ಟರ್‌ನೂನ್, ಲೆನ್ನಿ," ಎಂದರು ಅವರು, ಮತ್ತು ತುಂಬಾ ಹೊತ್ತು ಕೈ ಬಿಡಲಿಲ್ಲ.