ಆರು ಶಾರ್ಕು, ಆರು ಕುರಿ, ಒಂದು ಕುರ್ಚಿ

ನಮ್ಮ ಬೀದಿಯ ಹಲ್ಲಿನ ಆಸ್ಪತ್ರೆಯಲ್ಲಿ ಹಲ್ಲು ಕೀಳುವವನು ತಮ್ಮ, ಕಟ್ಟುವವಳು ಅಕ್ಕ. ತಮ್ಮ ಡಾಕ್ಟರು, ಮುಂದಿನ ಕೋಣೆ ಅವನದು. ಅಕ್ಕನನ್ನು ಎಲ್ಲರೂ ಹಲ್ಲಕ್ಕ ಎನ್ನುತ್ತಾರೆ. ಹಿಂದಿನ ಕೋಣೆಯಲ್ಲಿ ತಿರುಗುವ ಕುರ್ಚಿಯ ಮೇಲೆ ಕೂತು ಅವಳು ಮೇಣ ಕರಗಿಸುತ್ತಾಳೆ, ಪ್ಲಾಸ್ಟರ್ ಕಲಸುತ್ತಾಳೆ, ಅರ ಹಿಡಿದು ಉಜ್ಜುತ್ತಾಳೆ. ಗೋಡೆಯ ಹಲಗೆಯ ಮೇಲೆ ಅರ್ಧ ಊರಿನ ದವಡೆಗಳ ಅಚ್ಚುಗಳಿವೆ. ಜಗಳವಾಡಿ ಮಾತು ಬಿಟ್ಟವರೂ ಅಲ್ಲಿ ಅಕ್ಕಪಕ್ಕ ಕೂತಿದ್ದಾರೆ.

ಅವಳ ಕೆಲಸ ಅಚ್ಚುಕಟ್ಟು. ಹಟವೂ ಅಷ್ಟೇ. ಕಟ್ಟಿದ ಹಲ್ಲು ಕೋಣೆಯಿಂದ ಹೊರಗೆ ಹೋಗಬೇಕಾದರೆ ಹಾಕಿಕೊಂಡವರು ಒಂದು ಇಂಗ್ಲಿಷ್ ವಾಕ್ಯವನ್ನು ಒಂದೇ ಉಸಿರಿಗೆ, ತಡವರಿಸದೆ ಹೇಳಬೇಕು: "ಸಿಕ್ಸ್ ಶಾರ್ಕ್ಸ್ ಶೇವ್ ಸಿಕ್ಸ್ ಸ್ಲೀಪಿಂಗ್ ಶೀಪ್." ಕೆಲಸ ಕಲಿಸಿದ ಗುರು ಹೇಳಿಕೊಟ್ಟದ್ದಂತೆ. ನಾಲಿಗೆ ತೊಡರಿದರೆ ಹಲ್ಲಿನ ಸೆಟ್ ಸರಿಯಿಲ್ಲವೆಂದು ಅರ್ಥ, ಅರ ಹೊರಬರುತ್ತದೆ. ಇಂಗ್ಲಿಷಿನ ಗಂಧಗಾಳಿ ಇಲ್ಲದವರೂ ವಾರಗಟ್ಟಲೆ ಉರು ಹೊಡೆದು ಪಾಸಾಗಿದ್ದಾರೆ. ನಮ್ಮ ಬೀದಿಯ ಮುದುಕರು ಎದುರಾದರೆ "ನಿಮ್ಮ ಶಾರ್ಕು ಹೇಗಿದೆ?" ಎಂದೇ ವಿಚಾರಿಸಿಕೊಳ್ಳುತ್ತಾರೆ.

ಅಲ್ಲಿಗೆ ಒಂದು ಶನಿವಾರ, ಕಟ್ಟಿ ಮುಗಿದಿದ್ದ ತನ್ನ ಸೆಟ್ ಹಾಕಿಸಿಕೊಳ್ಳಲು ಹರಾಜಪ್ಪ ಬಂದ. ಹಳೆಯ ಮೇಜು, ಕುರ್ಚಿ, ಬೀರುಗಳನ್ನು ಹರಾಜು ಕೂಗುವುದು ಅವನ ಕಸುಬು. ಹಲ್ಲೆಲ್ಲ ಉದುರಿ, ಹಿಂದಿನ ಹರಾಜಿನಲ್ಲಿ ಅವನು ಕೂಗಿದ್ದು ಒಬ್ಬರಿಗೂ ಅರ್ಥವಾಗಿರಲಿಲ್ಲ. ಸೋಮವಾರವೂ ಹಾಗೇ ಆದರೆ ಹರಾಜು ಕೂಗುವ ಕಟ್ಟೆಯ ಮೇಲೆ ಅವನ ಷಡ್ಡಕ ನಿಲ್ಲುತ್ತಾನೆಂದು ಹರಾಜು ಅಂಗಡಿಯ ಮಾಲೀಕ ಹೇಳಿಬಿಟ್ಟಿದ್ದ. ಷಡ್ಡಕ ಆಗಲೇ ಹೊಸ ಕೋಟು ಹೊಲಿಸಿದ್ದ.

ಹಲ್ಲು ಕೂತಿತು. ಕನ್ನಡಿಯಲ್ಲಿ ನಕ್ಕು ನೋಡಿಕೊಂಡ. ಎದ್ದು ಹೊರಟವನನ್ನು ಹಲ್ಲಕ್ಕ ತಡೆದಳು.

"ಕೂತ್ಕೊಳ್ಳಿ. ಶಾರ್ಕು ಬಾಕಿ ಇದೆ." ವಾಕ್ಯವನ್ನು ಒಂದೊಂದೇ ಪದವಾಗಿ ಹೇಳಿಕೊಟ್ಟಳು.

"ಏನಕ್ಕಾ ಅದರರ್ಥ?"

"ಆರು ಶಾರ್ಕ್ ಮೀನು ನಿದ್ದೆ ಮಾಡ್ತಿರೋ ಆರು ಕುರಿಗೆ ಕ್ಷೌರ ಮಾಡ್ತವೆ ಅಂತ."

"ಯಾಕೆ?"

"ಯಾಕೆ ಅಂತೆಲ್ಲ ಕೇಳಬಾರದು. ಅದು ಇಂಗ್ಲಿಷು. ಹೇಳಿ."

ಹೇಳಿದ. ಶಾರ್ಕು ಸಾರ್ಕಾಯಿತು, ಶೇವು ಸೇವಾಯಿತು, ಕುರಿಯ ಹತ್ತಿರ ಬರುವಷ್ಟರಲ್ಲಿ ಉಸಿರೇ ಮುಗಿಯಿತು. ಹಲ್ಲಕ್ಕ ಸೆಟ್ ಕಿತ್ತುಕೊಂಡು ಉಜ್ಜಿ ಹಾಕಿದಳು. ಮತ್ತೆ ಹೇಳಿದ, ಮತ್ತೆ ಮುಗ್ಗರಿಸಿದ. ಮತ್ತೆ ಉಜ್ಜಿದಳು. ಮೂರನೆಯ ಸಲ ಅವಳ ಕೈ ಅರದ ಕಡೆಗೆ ಹೋದಾಗ ಹರಾಜಪ್ಪ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ.

"ಇನ್ನೂ ಉಜ್ಜಿದ್ರೆ ಬಾಯಲ್ಲಿ ಬರೀ ಬಾಚಣಿಗೆ ಉಳಿಯುತ್ತೆ! ನಿಮ್ಮವು ಸ್ವಂತ ಹಲ್ಲು ತಾನೇ? ನೀವೇ ಹೇಳಿ ನೋಡೋಣ."

ಇಷ್ಟು ವರ್ಷದಲ್ಲಿ ಅವಳನ್ನು ಹಾಗೆ ಕೇಳಿದವರೇ ಇರಲಿಲ್ಲ. ಒಂದೊಂದೇ ಪದ ಬಿಡಿಸಿ ಹೇಳಿಕೊಡುವುದು ಅವಳ ಪಾಲು, ಒಂದೇ ಉಸಿರಿಗೆ ಹೇಳುವ ಪಾಡು ಬೇರೆಯವರದು. ಹಲ್ಲಕ್ಕ ತನ್ನ ಕುರ್ಚಿಯಿಂದ ಎದ್ದು, ಸೆರಗು ಸರಿಮಾಡಿಕೊಂಡು, ಎದೆ ತುಂಬ ಉಸಿರೆಳೆದು, ಶುರುಮಾಡಿದಳು.

"ಸಿಕ್ಸ್ ಶಾರ್ಕ್ಸ್ ಸೇವ್ ಶಿಕ್ಸ್ ಶೀಪಿಂಗ್ ಸ್ಲೀಪ್."

ಮುಂದಿನ ಕೋಣೆಯಿಂದ ಡಾಕ್ಟರ ದನಿ ಬಂತು: "ಅಕ್ಕಾ, ಅರ ತಂದ್ಕೊಡ್ಲಾ?"

ಕಾಯುತ್ತ ಕೂತವರು ಗೊಳ್ಳೆಂದರು. ಹಲ್ಲಕ್ಕನ ಕಿವಿ ಕೆಂಪಾದವು. ಹರಾಜಪ್ಪನಿಗೆ ಅಷ್ಟೇ ಸಾಕಾಯಿತು. ಅವಳು ಎದ್ದ ಕುರ್ಚಿಯ ಕಡೆ ಕೈ ತೋರಿ, ಪ್ಲಾಸ್ಟರ್ ಬಟ್ಟಲನ್ನು ಬೋರಲು ಹಾಕಿ ಚಮಚದಿಂದ ಬಾರಿಸಿದ.

"ಬನ್ನಿ ಸ್ವಾಮಿ, ಬನ್ನಿ! ತಿರುಗೋ ಕುರ್ಚಿ! ಒಬ್ಬರೇ ಕೂತ ಕುರ್ಚಿ, ಕೂತವರು ಯಾರ ಮಾತಿಗೂ ಜಗ್ಗದ ಕುರ್ಚಿ! ಯಾರು ಕೇಳ್ತೀರಿ?"

ಆಗತಾನೆ ಹಲ್ಲು ಕೀಳಿಸಿಕೊಂಡು ಹತ್ತಿ ಕಚ್ಚಿಕೊಂಡಿದ್ದ ದರ್ಜಿ ಅಜ್ಜಿ ಬಾಗಿಲಿಗೆ ಬಂದು ಕೈ ಎತ್ತಿದಳು. ಅಕ್ಕನನ್ನು ಕೆಣಕಲೆಂದು ಡಾಕ್ಟರೂ ಎತ್ತಿದ. ಅಜ್ಜಿ ಕಣ್ಣು ಕೆಕ್ಕರಿಸಿ ಇನ್ನೊಂದು ಕೈಯನ್ನೂ ಎತ್ತಿದಳು. ಹರಾಜಪ್ಪನ ಮಾತು ಜಲ್ಲಿ ಸುರಿದ ಹಾಗೆ ಸುರಿಯಿತು. ಹಲ್ಲಕ್ಕ ಅವನ ಬಾಯಿಯನ್ನೇ ನೋಡುತ್ತಿದ್ದಳು. ಸೆಟ್ ಕೂದಲೆಳೆಯಷ್ಟೂ ಅಲುಗಲಿಲ್ಲ, ಒಂದು ಸಿಳ್ಳೂ ಏಳಲಿಲ್ಲ.

"ಒಂದನೇ ಸಾರಿ, ಎರಡನೇ ಸಾರಿ, ಮೂರನೇ ಸಾರಿ! ಕುರ್ಚಿ ಅಜ್ಜಿಗೆ!"

"ಕುರಿ ಹಾಳಾಗ್ಲಿ," ಎಂದಳು ಹಲ್ಲಕ್ಕ. "ಹೋಗಿ, ನಿಮ್ಮ ಹಲ್ಲು ಸರಿಯಾಗಿದೆ."

ಅಷ್ಟರಲ್ಲಿ ಅಜ್ಜಿ ಕುರ್ಚಿಯನ್ನು ಬಾಗಿಲ ತನಕ ತಳ್ಳಿಕೊಂಡು ಹೋಗಿದ್ದಳು.

"ಅಜ್ಜೀ, ಅದು ತಮಾಷೆಗೆ!"

ಅಜ್ಜಿಯ ಬಾಯಲ್ಲಿ ಹತ್ತಿಯಿತ್ತು. ಉತ್ತರ ಕೊಟ್ಟವನು ಹರಾಜಪ್ಪ: "ಕೂಗಿದ್ದು ಕೂಗಿದ್ದೇ ಅಕ್ಕಾ. ಮೂರನೇ ಸಾರಿ ಅಂದ ಮೇಲೆ ದೇವರೇ ಬಂದ್ರೂ ವಾಪಸ್ ಇಲ್ಲ. ನನ್ನ ಕಸುಬಿಗೂ ಒಂದು ನಿಯಮ ಅಂತ ಇರುತ್ತೆ."

ಸೋಮವಾರ ಕಟ್ಟೆಯ ಮೇಲೆ ಅವನೇ ನಿಂತ. ಷಡ್ಡಕ ಹೊಸ ಕೋಟಿನಲ್ಲೇ ಬೀರು ಹೊತ್ತ. ಇನ್ನೊಂದು ತಿರುಗುವ ಕುರ್ಚಿ ಹುಡುಕುತ್ತ ಹಲ್ಲಕ್ಕನೂ ಹೋಗಿದ್ದಳು. ಅಂಥದ್ದೇ ಒಂದು ಬಂತು, ಕೈ ಎತ್ತಿದಳು. ಪೈಪೋಟಿಗೆ ಯಾರೂ ಇರಲಿಲ್ಲ. ಹರಾಜಪ್ಪ ಸುತ್ತಿಗೆ ಎತ್ತಿದವನು ಅಲ್ಲಿಗೇ ನಿಲ್ಲಿಸಿದ.

"ಕುರ್ಚಿ ನಿಮ್ಮದೇ ಅಕ್ಕಾ. ಒಂದೇ ಉಸಿರಿಗೆ ಶಾರ್ಕು ಹೇಳಿಬಿಡಿ, ಹೊಡೆದುಬಿಡ್ತೀನಿ."

ಈಗ ಹಲ್ಲಕ್ಕ ನಿಂತುಕೊಂಡೇ ಕೆಲಸ ಮಾಡುತ್ತಾಳೆ. ಬೆನ್ನಿಗೆ ಒಳ್ಳೆಯದು ಎನ್ನುತ್ತಾಳೆ.