ರಾಗಿಪ್ ಆಗಾನ ಹಗ್ಗ

ಚಳಿ ಬಿದ್ದು ಒಂಟೆ ಕುಸ್ತಿ ಶುರುವಾಯಿತೆಂದರೆ ನಮ್ಮ ರಾಗಿಪ್ ಆಗಾನ ಕಾಲು ನೆಲದ ಮೇಲೆ ನಿಲ್ಲುವುದಿಲ್ಲ. ಮನೆಯ ಒಣದ್ರಾಕ್ಷಿ, ಜೇನು ಎಲ್ಲವೂ ಅವನ ಒಂಟೆ ಯಾವುಜ್‌ಗೆ. "ನಂಗೆ ಕೆಮ್ಮು ಬಂದಾಗ ಒಂದ್ ಚಮಚ ಜೇನು ಕೊಟ್ರಾ?" ಎಂದು ಹೆಂಡತಿ ಫೆರಿದೆ ರೇಗಿದರೆ, "ನೀನೇನು ಕುಸ್ತಿ ಆಡ್ತೀಯೇನೇ?" ಎನ್ನುತ್ತಾನೆ. "ದಿನಾ ಆಡ್ತಿದೀನಲ್ಲ, ನಿಮ್ ಜೊತೆ!" ಎನ್ನುತ್ತಾಳೆ ಅವಳು. "ಸೋಲೊಪ್ಪಿ ಕಣಕ್ಕೆ ಹಗ್ಗ ಎಸೆಯೋರೂ ಗಂಡಸರೇನ್ರೋ? ನನ್ನ ಹಗ್ಗ ಹೆಗಲು ಬಿಟ್ಟು ಇಳಿಯಲ್ಲ!" ಎಂದು ಆಗಾ ಚಹಾದಂಗಡಿಯಲ್ಲಿ ಪ್ರತಿವರ್ಷ ಮೀಸೆ ತಿರುವುತ್ತಾನೆ. ಕುಸ್ತಿಯ ದಿನ ಎದುರಾಳಿ ಒಂಟೆ ಕತ್ತು ಅಮುಕಿದಾಗ ಯಾವುಜ್‌ನ ಮುಂಗಾಲು ತುಸು ನಡುಗಿದ್ದೇ ತಡ, ಆಗಾನ ಹಗ್ಗ ಕಣದ ನಡುವೆ ಬಿದ್ದಿರುತ್ತದೆ. "ಏನ್ ಆಗಾ, ಈ ವರ್ಷಾನೂ ಎಸೆದ್ರಾ?" ಎಂದು ಜನ ಕೂಗುತ್ತಾರೆ. ಒಂಟೆಯ ಮಂಡಿಯನ್ನು ಎರಡೂ ಕೈಯಲ್ಲಿ ತಡವುತ್ತ, ತಲೆಯೆತ್ತದೆ, "ಜಾರ್ತು ಕಣ್ರಯ್ಯಾ" ಎನ್ನುತ್ತಾನೆ. ಅಷ್ಟರಲ್ಲಿ ಫೆರಿದೆ ಜೇನಿನ ಸೀಸೆ ಹಿಡಿದು ಕಣದ ಬೇಲಿ ದಾಟಿರುತ್ತಾಳೆ.