ದೊಡ್ಡವ್ವ ಮತ್ತು ಲೋಕದ ಮನೆಗಳು

ಬೆಳಿಗ್ಗೆ ಕಾಫಿ ಲೋಟ ಹಿಡಿದು ಕೂತಿದ್ದೆ, ಮೊಬೈಲು ಟಿಣ್ ಎಂದಿತು. ‘ನಿಮ್ಮ ಮುಂದಿನ ಪಾಠ ನಿಮಗಾಗಿ ಕಾಯುತ್ತಿದೆ’ ಎಂಬ ಒಕ್ಕಣೆ. ಇತ್ತೀಚೆಗೆ ದಿನ ಬಿಟ್ಟು ದಿನ ಇದೇ ವರಾತ. ಕಾಯಲಿ ಬಿಡಿ. ಹುಣಸೂರಿನ ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳಿಕೊಂಡು ಕೂದಲು ಬೆಳ್ಳಗಾದವಳು ನಾನು. ಎಷ್ಟು ಮಕ್ಕಳಿಗಾಗಿ ನಾನು ಕಾದಿಲ್ಲ?

ನಿವೃತ್ತಿಯಾಗಿ ಮನೆಯಲ್ಲಿ ಕೂತು ಎಲ್ಲರ ತಪ್ಪು ತಿದ್ದತೊಡಗಿದ ಮೇಲೆ, ಮಗಳು ತಡೆಯಲಾರದೆ ಫೋನಿಗೆ ಹಾಕಿಕೊಟ್ಟ ಪಾಠಮಾಲೆ ಇದು. ಲೋಕದ ನಾನಾ ದೇಶದ ಜನ ಮನೆ, ಗುಡಿ, ಕೋಟೆಗಳನ್ನು ಹೇಗೆ ಹೇಗೆ ಕಟ್ಟಿಕೊಂಡು ಬಂದರು ಎಂಬ ಚರಿತ್ರೆ. ನಮ್ಮ ಯಜಮಾನರು ಬೀದಿಯಲ್ಲೆಲ್ಲ, ‘ನಮ್ಮವಳು ವಾಸ್ತು ಕಲೀತಾ ಇದಾಳೆ’ ಎಂದು ಸಾರಿಬಿಟ್ಟರು. ಮಾರನೆಯ ದಿನವೇ ಎದುರುಮನೆಯಾಕೆ ಒಲೆ ಯಾವ ಮೂಲೆಗಿಡಬೇಕೆಂದು ಕೇಳಲು ಬಂದರು. ರೋಮಿನವರು ಎಲ್ಲಿಡುತ್ತಿದ್ದರು ಅಂತ ಬೇಕಾದರೆ ಹೇಳಬಲ್ಲೆ ಎಂದೆ. ಅವರಿಗೆ ಅದು ರುಚಿಸಲಿಲ್ಲ.

ಈ ಪಾಠಗಳನ್ನು ನನಗಿಂತ ಆಸೆಯಿಂದ ಕೇಳಿದವಳು ದೊಡ್ಡವ್ವ. ಅಂದರೆ ನಮ್ಮ ದೊಡ್ಡಪ್ಪನ ಹೆಂಡತಿ. ಹೆತ್ತವ್ವ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು ಅವಳೇ. ಹನಗೋಡಿನ ಹಳೆಯ ತೊಟ್ಟಿಮನೆಯಲ್ಲಿ ಮಗ ಮಾದೇವ, ಸೊಸೆ, ಮೊಮ್ಮಕ್ಕಳ ಜೊತೆಗಿದ್ದಳು. ಹೊಟ್ಟೆಯಲ್ಲಿ ಗಡ್ಡೆ ಬೆಳೆದು, ಮೈಸೂರಿನ ಡಾಕ್ಟರು ‘ಇನ್ನು ಮನೆಗೆ ಕರಕೊಂಡು ಹೋಗಿ, ಏನು ಕೇಳ್ತಾರೋ ಅದನ್ನ ಕೊಡಿ’ ಎಂದು ಕೈಚೆಲ್ಲಿದ್ದರು. ಅವಳು ಕೇಳಿದ್ದು ತಿನ್ನುವ ಪದಾರ್ಥವನ್ನಲ್ಲ.

“ನನ್ನ ಒಳ್ಗೇ ಸಾಯಕ್ ಬುಡ್ರಿ. ಒರಕ್ ಆಕ್ಬ್ಯಾಡಿ,” ಎಂದಳು.

ಇದನ್ನು ನಿಮಗೆ ಸ್ವಲ್ಪ ಬಿಡಿಸಿ ಹೇಳಬೇಕು. ಕೆಟ್ಟ ನಕ್ಷತ್ರದಲ್ಲಿ ಮನೆಯೊಳಗೆ ಜೀವ ಹೋದರೆ ನಮ್ಮ ಕಡೆ ಆ ಮನೆ ಬಿಡಬೇಕು. ಬಾಗಿಲಿಗೆ ಮುಳ್ಳಿನ ಕೊಂಬೆ ಹಾಕಿ, ದನಕರು, ಪಾತ್ರೆಪಗಡಿ ಸಮೇತ ತಿಂಗಳುಗಟ್ಟಲೆ ಬೇರೆ ಕಡೆ ಇರಬೇಕು. ಹಾಗಾಗಿ ಇನ್ನೇನು ಹೋಗುತ್ತಾರೆ ಎನ್ನುವವರನ್ನು, ನಕ್ಷತ್ರ ಸರಿಯಿಲ್ಲದಿದ್ದರೆ, ಉಸಿರಿರುವಾಗಲೇ ಎತ್ತಿ ಜಗುಲಿಗೆ ತಂದು ಮಲಗಿಸುತ್ತಾರೆ. ದೊಡ್ಡಪ್ಪನನ್ನು ಹಾಗೆ ಮಲಗಿಸಿದ್ದು ಮಾಗಿಯ ಚಳಿಯಲ್ಲಿ. ಆ ಮನುಷ್ಯ ಬೇಗ ಸಾಯಲಿಲ್ಲ. ಹೋಗಿಬರುವವರೆಲ್ಲ ಇಣುಕಿ ‘ಇನ್ನೂ ಜೀವ ಅದೆ’ ಎಂದು ಹೇಳಿ ಹೋಗುತ್ತಿದ್ದರು. ‘ಒಳಕ್ ಕರ್ಕೊಳ್ರೇ, ಚಳಿ’ ಎಂದು ಅವನು ಕೇಳುತ್ತಲೇ ಇದ್ದನಂತೆ. ಬಾಗಿಲೊಳಗೆ ನಿಂತು ಅದನ್ನು ಕೇಳಿಸಿಕೊಂಡವಳು ದೊಡ್ಡವ್ವ.

ಈಗ ಆ ಜಗುಲಿ ಇಲ್ಲ. ರಸ್ತೆ ಅಗಲ ಮಾಡುವಾಗ ಜೆಸಿಬಿ ಬಂದು ಬಾಚಿಕೊಂಡು ಹೋಯಿತು. ಮಾದೇವ ಊರೆಲ್ಲ ಬೈದುಕೊಂಡು ತಿರುಗಿದ. ದೊಡ್ಡವ್ವ ಮಾತ್ರ ನನ್ನ ಕಿವಿಯ ಹತ್ತಿರ ಬಂದು, “ಜಗ್ಲಿ ಓಯ್ತು ಕಣಮ್ಮಿ, ನಾನ್ ಬದುಕ್ದೆ,” ಎಂದು ನಕ್ಕಿದ್ದಳು.

ಭಾನುವಾರ ಭಾನುವಾರ ಬಸ್ಸು ಹತ್ತಿ ಹೋಗುತ್ತಿದ್ದೆ. ನಡುಮನೆಯ ಪಕ್ಕದ ಕೋಣೆಯಲ್ಲಿ ಅವಳ ಮಂಚ. ಫೋನನ್ನು ದಿಂಬಿಗೆ ಒರಗಿಸಿ, ಇಂಗ್ಲಿಷಿನಲ್ಲಿ ಹೇಳಿದ್ದನ್ನು ನನಗೆ ತಿಳಿದಷ್ಟು ಕನ್ನಡದಲ್ಲಿ ಹೇಳುವುದು. ಗೋಪುರ, ಅರಮನೆಗಳ ಚಿತ್ರ ಬಂದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಮನೆ ಬಂದರೆ ಅವಳದು ಒಂದೇ ಪ್ರಶ್ನೆ: “ಅಲ್ಲಿ ಸಾಯೋರ್ನ ಎಲ್ಲಿ ಮಲಗ್ಸೋರು?”

ಪಾಠದ ಮೇಷ್ಟ್ರು ಅದನ್ನು ಹೇಳುತ್ತಿರಲಿಲ್ಲ. ಕಂಬ, ಕಮಾನು, ತೊಲೆಗಳಲ್ಲೇ ಅವರ ಹೊತ್ತು ಹೋಗುತ್ತಿತ್ತು. ಹೀಗಾಗಿ ವಾರವೆಲ್ಲ ಕೂತು ನಾನೇ ಹುಡುಕುತ್ತಿದ್ದೆ. ಈ ವಯಸ್ಸಿನಲ್ಲಿ ಪರೀಕ್ಷೆಗೆ ಓದುವ ಹುಡುಗಿಯ ಹಾಗೆ ಕನ್ನಡಕ ಏರಿಸಿಕೊಂಡು ಹೆಣಗಳ ವಿಷಯ ಓದುತ್ತಿದ್ದರೆ ಯಜಮಾನರು ದೂರ ಹೋಗಿ ಕೂರುತ್ತಿದ್ದರು. ರೋಮಿನ ಸಾಹುಕಾರರದೂ ತೊಟ್ಟಿಮನೆಯೇ, ನಡುವೆ ಮಳೆನೀರಿನ ಕೊಳ, ಸತ್ತವರನ್ನು ಅದರ ಪಕ್ಕದಲ್ಲೇ ಮಲಗಿಸುತ್ತಿದ್ದರು ಎಂದೆ. “ಸತ್ ಮ್ಯಾಕೆ ಬುಡು. ಸಾಯೋವಾಗ?” ಎಂದಳು. ಡೆನ್ಮಾರ್ಕಿನ ಕೆಲವು ಹಳೆಯ ಮನೆಗಳಲ್ಲಿ ಹೆಣಕ್ಕೆಂದೇ ಒಂದು ಬಾಗಿಲು, ಅದನ್ನು ಇಟ್ಟಿಗೆಯಿಂದ ಮುಚ್ಚಿರುತ್ತಿದ್ದರು, ಸಾವಾದಾಗ ಒಡೆದು ಹೆಣ ಸಾಗಿಸಿ ಮತ್ತೆ ಕಟ್ಟುತ್ತಿದ್ದರು ಎಂದೆ. ದಿನಾ ಕಣ್ಣೆದುರಿಗೇ ಆ ಗೋಡೆ ಇಟ್ಟುಕೊಂಡು ಅವರಿಗೆ ಊಟ ಹೇಗೆ ಸೇರುತ್ತಿತ್ತೋ ಎಂದು ಕನಿಕರಪಟ್ಟಳು.

ಅವಳ ಮನಸ್ಸಿಗೆ ಬಂದದ್ದು ಟರ್ಕಿ ದೇಶದ ಬಹಳ ಬಹಳ ಹಳೆಯ ಒಂದು ಊರು. ಮನೆಗೆ ಮನೆ ಅಂಟಿಕೊಂಡು, ನಡುವೆ ಬೀದಿಯೇ ಇಲ್ಲ. ಸೂರಿನ ಮೇಲೆ ನಡೆದು ಹೋಗಿ ಏಣಿಯಿಂದ ಒಳಗಿಳಿಯಬೇಕು. ಸತ್ತವರನ್ನು ತಾವು ಮಲಗುವ ಮಣ್ಣಿನ ಕಟ್ಟೆಯ ಕೆಳಗೇ ಹೂಳುತ್ತಿದ್ದರು. ಆಮೇಲೆ ಅದರ ಮೇಲೇ ಮಲಗುತ್ತಿದ್ದರು. ದೊಡ್ಡವ್ವ ಎದ್ದು ಕೂತಳು.

“ಬಾಗ್ಲೇ ಇಲ್ವಾ?”

“ಇಲ್ಲ ದೊಡ್ಡವ್ವ.”

“ಬಾಗ್ಲಿಲ್ದಿದ್ರೆ ಒರಕ್ ಆಕೋದೆಂಗೆ! ಅವ್ರು ಮನುಸ್ರು ಕಣ್ ಮಗಾ.” ಆಮೇಲೆ ನನ್ನ ಕೈ ಹಿಡಿದುಕೊಂಡಳು. “ನೀನ್ ಇರ್ತೀಯಲ್ಲ. ಒಳ್ಗೇ ಸಾಯಕ್ ಬುಡುಸ್ತೀಯಲ್ಲ?”

ಆಯಿತು ಎಂದು ಮಾತು ಕೊಟ್ಟೆ.

ಆ ದಿನ ಬಂದದ್ದು ಬ್ಯಾರನ್ ಗೂಡುಗಳಲ್ಲಿ ಹೊಗೆಸೊಪ್ಪು ಬೇಯಿಸುವ ಕಾಲದಲ್ಲಿ. ದೊಡ್ಡವ್ವ ನೀರು ಕುಡಿಯುವುದನ್ನೂ ಬಿಟ್ಟಿದ್ದಳು, ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತ್ತು. ಅಯ್ಯನೋರು ಪಂಚಾಂಗ ನೋಡಿ ನಕ್ಷತ್ರ ಸರಿಯಿಲ್ಲವೆಂದು ತಲೆಯಾಡಿಸಿದರು. ಮಾದೇವ ನನ್ನನ್ನು ಹಿತ್ತಿಲಿಗೆ ಕರೆದ. ಅವನು ಕೆಟ್ಟವನಲ್ಲ. ತಿಂಗಳುಗಟ್ಟಲೆ ಅವಳ ಉಚ್ಚೆ ಬಟ್ಟೆ ಒಗೆದವನು.

“ಆಸ್ಪತ್ರೆಗ್ ತಕ್ಕೊಂಡೋಗನ ಅಕ್ಕ.”

“ಅಲ್ಲೇನು ಮಾಡ್ತಾರೋ? ಅವರೇ ಕೈಬಿಟ್ಟಿಲ್ವಾ?”

“ಗೊತ್ತು ಕಣಕ್ಕ. ಬ್ಯಾರನ್‌ನಲ್ಲಿ ಸೊಪ್ಪು ಬೇಯ್ತಾ ಅದೆ, ಐಕ್ಳಿಗೆ ಪರೀಕ್ಸೆ. ಮನೆ ಬುಟ್ಟು ಎಲ್ಲಿಗೋಗ್ಲಿ? ಜಗ್ಲಿನಾದ್ರೂ ಇದ್ದಿದ್ರೆ...” ಎಂದ.

ನಾನು ಬಾಗಿಲಿಗೆ ಅಡ್ಡ ನಿಂತೆ, ಬೈದೆ, ಅತ್ತೆ. ಊರಿನವರೆಲ್ಲ ಒಂದು ಕಡೆ, ನಾನೊಬ್ಬಳು ಒಂದು ಕಡೆ. ಮಂಚದಿಂದ ಎತ್ತುವಾಗ ಅವಳು ನರಳಿದಳು. ಮೈಸೂರಿಗೆ ಹೊರಟ ಬಾಡಿಗೆ ವ್ಯಾನಿನ ಹಿಂಭಾಗದಲ್ಲಿ ಅವಳ ಜೊತೆ ಕೂತವಳು ನಾನೊಬ್ಬಳೇ. ಮಾದೇವ ಬೈಕಿನಲ್ಲಿ ಹಿಂದೆ ಬರುತ್ತಿದ್ದ. ಹುಣಸೂರು ದಾಟಿದ ಮೇಲೆ ಅವಳು ಕಣ್ಣು ಬಿಟ್ಟು ವ್ಯಾನಿನ ಬಿಳಿ ತಗಡನ್ನು ನೋಡಿದಳು.

“ಇದ್ಯಾರ್ ಮನೆ ಮಗಾ?”

“ನಮ್ದೇ ದೊಡ್ಡವ್ವ.”

“ಸೂರು ಯಾಕಿಂಗ್ ತಗ್ಗು?”

“ಹಳೇ ಮನೆ ಅಲ್ವಾ, ಅದಕ್ಕೆ,” ಎಂದೆ. ನಂಬಿದಳೋ ಇಲ್ಲವೋ ತಿಳಿಯದು. ಬಿಳಿಕೆರೆ ಬರುವ ಮುಂಚೆ ಹೋಗಿಬಿಟ್ಟಳು. ಡ್ರೈವರನಿಗೆ ವ್ಯಾನು ತಿರುಗಿಸಲು ಹೇಳಿದೆ.

ಹೆಣವನ್ನು ಒಳಗೆ ಬಿಡಲಿಲ್ಲ, ಅಂಗಳದ ಶಾಮಿಯಾನದ ಕೆಳಗೆ ಮಲಗಿಸಿದರು. ಮಣ್ಣು ಮಾಡಿ ಬಂದ ಮೇಲೆ, ಜೀವ ಹೋದ ಜಾಗದಲ್ಲಿ ದೀಪ ಹಚ್ಚಿಡಬೇಕು. ಅದು ಶಾಸ್ತ್ರ. ಮುಂದೆ ನಿಂತು ಎಲ್ಲ ಮಾಡಿಸುತ್ತಿದ್ದ ಹಿರಿಯ ಕೆಂಪಯ್ಯ ನನ್ನ ಕಡೆ ತಿರುಗಿದ. “ನೀನೇ ಅಲ್ವಾ ತಾಯಿ, ಅವ್ಳ ಸಂಗಡ ಇದ್ದೋಳು. ಪ್ರಾಣ ಎಲ್ಲೋಯ್ತು? ದೀಪ ಎಲ್ಲಿಡಾನ?”

ಎಲ್ಲರೂ ನನ್ನನ್ನೇ ನೋಡಿದರು. ಲಾರಿ ಓಡಾಡುವ ಹೈವೇ ನನ್ನ ಕಣ್ಣ ಮುಂದೆ ಬಂತು.

“ಒಳಗೆ,” ಎಂದೆ. “ಕೋಣೇಲಿ, ಮಂಚದ ಮೇಲೆ. ನೀವು ಎತ್ತೋ ಮುಂಚೆನೇ ಹೋಗಿತ್ತು. ಹೇಳೋಕೆ ನನಗೆ ಬಾಯಿ ಬರಲಿಲ್ಲ.”

ಸೊಸೆ ಮಕ್ಕಳನ್ನು ಹತ್ತಿರಕ್ಕೆ ಎಳೆದುಕೊಂಡಳು. ಎತ್ತುವಾಗ ದೊಡ್ಡವ್ವ ನರಳಿದ್ದನ್ನು ಮಾದೇವ ಕೇಳಿದ್ದ. ಅವಳ ತಲೆ ಹಿಡಿದಿದ್ದವನೇ ಅವನು. ಒಂದು ಮಾತು ಹೇಳಿದ್ದರೆ ನನ್ನ ಸುಳ್ಳು ಅಲ್ಲಿಗೇ ಮುಗಿಯುತ್ತಿತ್ತು, ಮನೆ ಉಳಿಯುತ್ತಿತ್ತು. ಅವನು ನನ್ನ ಮುಖವನ್ನೇ ನೋಡಿದ. ಆಮೇಲೆ ಕೆಂಪಯ್ಯನ ಕೈಯಿಂದ ದೀಪ ತೆಗೆದುಕೊಂಡು ತಾನೇ ಒಳಗೆ ಹೋಗಿ ಕೋಣೆಯಲ್ಲಿಟ್ಟು ಬಂದ. ಮುಳ್ಳು ಕಡಿದು ತಂದವನೂ ಅವನೇ. ಅಂದಿನಿಂದ ನನ್ನ ಜೊತೆ ಮಾತಿಲ್ಲ.

ಇದನ್ನೆಲ್ಲ ನೆನೆಯುವಷ್ಟರಲ್ಲಿ ಇವತ್ತು ಬೆಳಿಗ್ಗೆಯ ಕಾಫಿ ಆರಿಹೋಯಿತು. ಫೋನನ್ನು ಮನೆಯಲ್ಲೇ ಬಿಟ್ಟು ಬಸ್ಸು ಹತ್ತಿ ಹನಗೋಡಿಗೆ ಹೋದೆ. ಮಾದೇವನ ಮನೆಯವರೆಲ್ಲ ಈಗ ಬ್ಯಾರನ್ ಪಕ್ಕದ ತಗಡಿನ ಶೆಡ್ಡಿನಲ್ಲಿದ್ದಾರೆ. ಹೊಗೆಗೆ ಮಕ್ಕಳ ಕಣ್ಣು ಕೆಂಪಾಗಿವೆ, ಚಿಕ್ಕದಕ್ಕೆ ಕೆಮ್ಮು ಬಿಟ್ಟಿಲ್ಲ. ಸೊಸೆ ನನ್ನನ್ನು ಕಂಡು ಮುಖ ತಿರುಗಿಸಿದಳು. ಅವಳದೇನು ತಪ್ಪು? ಆದರೂ ಇವತ್ತು ಯಾರಾದರೂ ಮತ್ತೆ ಕೇಳಿದರೆ ನಾನು ಅದನ್ನೇ ಹೇಳುತ್ತೇನೆ.

ಮನೆಯ ಹತ್ತಿರ ನಡೆದೆ. ಬಾಗಿಲ ಮುಳ್ಳು ಒಣಗಿ ಕಂದಾಗಿತ್ತು. ಕೋಣೆಯ ಕಿಟಕಿಯ ಸರಳಿಗೆ ಹಣೆಯಿಟ್ಟು ನೋಡಿದೆ. ಕತ್ತಲೆ, ದೂಳು, ಬರಿಯ ಮಂಚ. ಹಿಂದೆ ಹೆಜ್ಜೆ ಸದ್ದಾಯಿತು. ಮಾದೇವ ಬಂದು ನನ್ನ ಪಕ್ಕದಲ್ಲೇ ಸರಳು ಹಿಡಿದು ನಿಂತ.

“ಒಳ್ಗೇ ಅವ್ಳಾ ಅಕ್ಕ?”

“ಒಳಗೇ ಇದಾಳೆ ಕಣೋ,” ಎಂದೆ.